ಗಿಡ ಮಾರುವವನಿಗೆ ಎದೆ ಗಟ್ಟಿ ಇರಬೇಕು

ತಲ್ಲೂರಿನಲ್ಲಿ ನನ್ನದೊಂದು ನರ್ಸರಿ. ಗಿಡ, ಗೊಬ್ಬರ, ಹುಳದ ಔಷಧಿ ಮಾರುತ್ತೇನೆ. ದಿನಾ ಬೆಚ್ಚಿಬೀಳುವ ಕೆಲಸವಿದು ಎಂದು ಶುರುಮಾಡುವಾಗ ಯಾರೂ ಹೇಳಿರಲಿಲ್ಲ.

ನೆರಳಿನ ಮರ

ತೆಕ್ಕಟ್ಟೆಯ ಅಕ್ಕ ಒಬ್ಬರು ಮನೆಯೆದುರಿಗೆ ಮರ ಕೇಳಿದರು. "ಬೇಗ ಬೆಳೀಕ್, ನೆರಳ್ ಬೇಕ್. ಎಲೆ ಉದುರುಕಾಗ, ಬೇರ್ ಪಾಗಾರ ಒಡುಕಾಗ, ಹಕ್ಕಿ ಬಪ್ಪುಕಾಗ." ಎಲೆ ಉದುರದ, ಕಾಂಪೌಂಡು ಗೋಡೆ ಒಡೆಯದ, ಹಕ್ಕಿ ಬಾರದ ಮರ!

"ಹಂಗಾರೆ ಕೊಡೆ ತಕಣಿ ಅಕ್ಕ" ಎಂದೆ.

ಅವರು ಗಂಭೀರವಾಗಿ ಕೇಳಿದರು: "ಅದ್ರ ಹೂ ಯಾವ ಬಣ್ಣ?"

ಒಂದೇ ಪಂಪು

ಬೈಂದೂರಿನ ನಿವೃತ್ತ ಮೇಷ್ಟ್ರೊಬ್ಬರ ಫೋನು. "ಹ್ವಾಯ್, ನಿಮ್ಮ್ ಔಷಧಿ ಭಾರಿ ಲಾಯ್ಕ್! ಮಲ್ಲಿಗೆಗೆ ಒಂದ್ ಹುಳ ಇಲ್ಲೆ."

"ಗಿಡ ಹ್ಯಾಂಗಿತ್ತ್?"

"ಗಿಡವೂ ಇಲ್ಲೆ."

ಹುಳದ ಜೊತೆ ಗಿಡವೂ ಸತ್ತಿತ್ತು. ವಿಚಾರಿಸಿದರೆ, ಅಂಗಳದ ಹುಲ್ಲಿಗೆ ಕಳೆನಾಶಕ ಹೊಡೆದು, ಪಂಪಿನಲ್ಲಿ ಉಳಿದದ್ದಕ್ಕೇ ಹುಳದ ಔಷಧಿ ಬೆರೆಸಿದ್ದರು.

"ತೊಳೀಲಿಲ್ಯಾ ಮೇಷ್ಟ್ರೆ?"

"ಎಂತಕೆ? ಅದೂ ಔಷಧಿ, ಇದೂ ಔಷಧಿ."

"ಹುಲ್ಲಾದ್ರೂ ಹೋಯ್ತಾ?"

"ಹುಲ್ಲಾ? ಅದ್ ಲಾಯ್ಕ್ ಚಿಗ್ರಿತ್ತ್."

ಫ್ರಿಜ್ಜಿನ ಬಾಟ್ಲಿ

ಬ್ರಹ್ಮಾವರದ ಒಂದು ಮನೆಗೆ ಮಾವಿನ ಸಸಿ ತಲುಪಿಸಲು ಹೋಗಿದ್ದೆ. ಬಿಸಿಲಲ್ಲಿ ಬಂದಿದ್ದೀರೆಂದು ಮನೆಯಾಕೆ ಶರಬತ್ತು ತಂದಿಟ್ಟರು. ಲೋಟ ತುಟಿಗೆ ತಾಗುವಷ್ಟರಲ್ಲಿ ಗಂಡ ಒಳಗಿಂದ ಓಡಿಬಂದು ಕೈಗೆ ಹೊಡೆದರು. ಲೋಟ ಅಂಗಳಕ್ಕೆ ಹಾರಿತು.

"ಆ ಬಾಟ್ಲಿ ಎಂತಕೆ ತೆಗ್ದೆ? ಗುಲಾಬಿಗೆ ಹೊಡುಕೆ ಔಷಧಿ ಕಲ್ಸಿ ಇಟ್ಟದ್ದ್ ಅದ್!"

"ಶರಬತ್ತಿನ ಬಾಟ್ಲಿಯಲ್ಲಾ? ಅದೂ ಫ್ರಿಜ್ಜಲ್ಲಾ?" ಎಂದು ಕೇಳಿ ನಾನು ತುಟಿ ಒರೆಸಿಕೊಂಡೆ.

ಮನೆಯಾಕೆ ಬಿಳಿಚಿಕೊಂಡರು. "ಅಯ್ಯೋ ದೇವ್ರೆ! ನಿನ್ನೆ ಅತ್ತಿಗೆ ಬಂದಾಗ ಕೊಟ್ಟದ್ದೂ ಅದೇ!"

ಗಂಡನ ಅಕ್ಕ ಅವರು. ನಾನು "ಮೊದ್ಲ್ ಫೋನ್ ಮಾಡಿ, ಆಸ್ಪತ್ರೆಗೆ ಕಳ್ಸಿ" ಎಂದು ಕೂಗಿದೆ. ಗಂಡ ನಂಬರು ಒತ್ತಿ, ಸ್ಪೀಕರ್ ಹಾಕಿದರು.

"ಅಕ್ಕ, ಜೀವ ಇತ್ತಾ?"

"ಇಲ್ದೆ ಫೋನ್ ಎತ್ತುದ್ ಹ್ಯಾಂಗೆ? ಎಂತ ಆಯ್ತ್?"

"ನಿನ್ನೆ ಶರಬತ್ತ್ ಕುಡ್ದ್ಯಾ?"

ಆ ಕಡೆ ದನಿ ತಗ್ಗಿತು. "ಅವ್ಳಿಗೆ ಹೇಳ್ಬೇಡ. ಅವ್ಳ್ ಮಾಡಿದ್ ಶರಬತ್ತ್ ಕುಡುಕಾತ್ತಾ? ಅವ್ಳ್ ಒಳಗ್ ಹೋದ ಕೂಡ್ಲೆ ಗುಲಾಬಿ ಕುಂಡಕ್ಕೆ ಹೊಯ್ದೆ. ಯಾವಾಗ್ಳೂ ಹಂಗೇ ಮಾಡುದ್."

ಗಂಡ ಉಸಿರು ಬಿಟ್ಟು ಕುರ್ಚಿಗೆ ಕುಸಿದರು. ನಾನೂ ಕುಸಿದೆ. ಮನೆಯಾಕೆ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ಫೋನು ಕಸಿದುಕೊಂಡರು.

"ಅತ್ತಿಗೆ, ಯಾವಾಗ್ಳೂ ಅಂದ್ರೆ?"