ಡಿಎನ್‌ಎ ಏಣಿಗೆ ನಾನು ಮಾಡಿದ ಮ್ಯಾಚಿಂಗ್

ಮನೆಯಿಂದ ಹೊರಡುವ ಮುನ್ನ ಗ್ಯಾಸ್ ಆಫ್ ಆಗಿದೆಯೇ ಎಂದು ಮೂರು ಸಲ ನೋಡುವ ಮನುಷ್ಯ ನಾನು. ಇಂಥವನಿಂದ ತಪ್ಪಾಗಲು ಸಾಧ್ಯವೇ? ಆದ್ದರಿಂದಲೇ ಮಗಳು ಮೇಘನಾಳ ವಿಜ್ಞಾನ ಪ್ರದರ್ಶನಕ್ಕೆ ಡಿಎನ್‌ಎ ಮಾದರಿ ಮಾಡಿಸುವ ಹೊಣೆಯನ್ನು ನಾನೇ ಹೊತ್ತೆ.

"ಚನ್ನಪಟ್ಟಣದಲ್ಲಿದ್ದುಕೊಂಡು ಥರ್ಮೋಕೋಲೇ? ಅರಗಿನ ಬಣ್ಣದ ಮರದಲ್ಲೇ ಆಗಲಿ!" ಎಂದು ಘೋಷಿಸಿದೆ.

ಮೇಘನಾ ಚೀಟಿ ಬರೆದುಕೊಟ್ಟಳು. ಏಣಿಯಂತೆ ಎರಡು ಬೆತ್ತ, ನಡುವೆ ಎಂಟು ಮೆಟ್ಟಿಲು. ಮೆಟ್ಟಿಲಿನ ಒಂದರ್ಧ ಕೆಂಪಾದರೆ ಇನ್ನರ್ಧ ಹಸಿರು. ಒಂದರ್ಧ ಹಳದಿಯಾದರೆ ಇನ್ನರ್ಧ ನೀಲಿ.

ಗೊಂಬೆ ಮಾಡುವ ಅಕ್ರಂ ಭಾಯಿಯ ಅಂಗಡಿ ಮುಟ್ಟುವಷ್ಟರಲ್ಲಿ ನನಗೆ ಆತಂಕ ಶುರು. ಕೆಂಪಿಗೆ ಹಸಿರೇ? ಹುಡುಗಿ ಅವಸರದಲ್ಲಿ ತಪ್ಪು ಬರೆದಿದ್ದರೆ? ನೋಡಿದವರು ನಕ್ಕರೆ? ಪೆನ್ನು ತೆಗೆದು ತಿದ್ದಿಯೇಬಿಟ್ಟೆ. ಮೇಲಿನಿಂದ ಕೆಂಪಿಗೆ ಕೆಂಪು, ಹಳದಿಗೆ ಹಳದಿ, ನೀಲಿಗೆ ನೀಲಿ, ಹಸಿರಿಗೆ ಹಸಿರು. ಕೆಳಗೆ ಮತ್ತೆ ಅದೇ ಸಾಲು.

"ಸಾರ್, ಮಗೂನ ಒಂದ್ಮಾತು ಕೇಳ್ಬುಟ್ರೆ?" ಎಂದರು ಅಕ್ರಂ ಭಾಯಿ.

"ಅಪ್ಪ ನಾನಲ್ಲವೇನ್ರೀ!"

ಪ್ರದರ್ಶನದ ದಿನ ಬೆಳಿಗ್ಗೆ ಏಣಿ ಮನೆಗೆ ಬಂತು. ಮೇಘನಾಳ ಮುಖ ಬಾಡಿತು.

"ಅಪ್ಪಾ! ಕೆಂಪು ಅಂದ್ರೆ ಎ, ಹಸಿರು ಟಿ, ಹಳದಿ ಜಿ, ನೀಲಿ ಸಿ. ಎ ಜೊತೆ ಟಿ, ಜಿ ಜೊತೆ ಸಿ ಮಾತ್ರ ಕೂಡೋದು! ನಾನಿನ್ನು ಜಿಲ್ಲಾ ಮಟ್ಟಕ್ಕೆ ಹೋದಂಗೇ!"

ಬೈರಾಪಟ್ಟಣದಿಂದ ಬಂದಿದ್ದ ನನ್ನವ್ವ ಏಣಿಯನ್ನು ಮೇಲಿಂದ ಕೆಳಗೆ ನೋಡಿದಳು. "ಕೆಂಪ್ಗೆ ಕೆಂಪ್ನೇ ಕಟ್ಟಿದೀಯಲ್ಲಾ! ಒಂದೇ ಬೆಡಗಿನೋರು, ಒಂದೇ ಕುಲ್ದೋರು ಅಣ್ಣ-ತಂಗಿ ಆಯ್ತಾರೆ ಕಣ್ಲಾ. ಮದ್ವೆ ಮಾಡ್ತಾರಾ?"

ಶಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಜೀವಶಾಸ್ತ್ರ ಒಂದೇ ನೋಟಕ್ಕೆ ಅರ್ಥವಾಗಿತ್ತು!

ಗಾಬರಿಯಲ್ಲಿ ಗರಗಸ ತಂದು ಎಂಟೂ ಮೆಟ್ಟಿಲನ್ನು ನಡುವೆ ಕೊಯ್ದೆ. ಈಗ ತಪ್ಪು ಏಣಿ ಇರಲಿಲ್ಲ. ಏಣಿಯೇ ಇರಲಿಲ್ಲ!

"ರೀ, ಕೊಯ್ದ ಮೇಲೆ ಏನು ಅಂತ ಯೋಚಿಸಿದ್ರಾ?" ಎಂದಳು ಹೆಂಡತಿ ಸುಜಾತಾ.

ಯೋಚಿಸಿರಲಿಲ್ಲ.

ಅಷ್ಟರಲ್ಲಿ ಮೇಘನಾ ಕಣ್ಣೊರೆಸಿಕೊಂಡು, "ಅಜ್ಜೀ, ಆ ಅರ್ಧಾನ ತಲೆಕೆಳಗೆ ಹಿಡ್ಕೋ" ಎಂದಳು. ಅವ್ವ ಹಿಡಿದಳು. ಕೆಂಪಿನ ಎದುರಿಗೆ ಹಸಿರು! ಹಳದಿಯ ಎದುರಿಗೆ ನೀಲಿ! ಎಂಟಕ್ಕೆ ಎಂಟೂ ಸರಿ! ಡಿಎನ್‌ಎಯ ಎರಡು ಎಳೆಗಳು ಒಂದು ಮೇಲ್ಮುಖ, ಒಂದು ಕೆಳಮುಖವಾಗಿಯೇ ಇರುತ್ತವಂತೆ. ಚೀಟಿಯ ಹಿಂಬದಿಯಲ್ಲಿ ಅದನ್ನೂ ಬರೆದಿದ್ದಳು. ಮೂರು ಸಲ ಗ್ಯಾಸ್ ನೋಡುವ ನಾನು ಹಿಂಬದಿ ಒಂದು ಸಲವೂ ನೋಡಿರಲಿಲ್ಲ.

ಅಂಟು ಹಾಕಿ, ಬೆತ್ತಗಳನ್ನು ಒಸಿ ತಿರುಚಿ ಒಯ್ದಳು. ಜಿಲ್ಲಾ ಮಟ್ಟಕ್ಕೆ ಆಯ್ಕೆಯೂ ಆದಳು. 'ಸಹಕರಿಸಿದವರು' ಎಂಬಲ್ಲಿ ಅಜ್ಜಿಯ ಹೆಸರು!

ಮುಂದಿನ ವಾರ ಜಿಲ್ಲಾ ಪ್ರದರ್ಶನಕ್ಕೆಂದು ಎಲ್ಲರೂ ರಾಮನಗರಕ್ಕೆ ಹೊರಟೆವು. ಗೇಟಿನ ತನಕ ಬಂದ ಮೇಘನಾ, "ಒಂದ್ನಿಮಿಷ" ಎಂದು ಒಳಗೋಡಿ ಗ್ಯಾಸ್ ನೋಡಿ ಬಂದಳು. ಮತ್ತೆ ಓಡಿದಳು. ಮತ್ತೊಮ್ಮೆ ಓಡಿದಳು.

ಸುಜಾತಾ ನನ್ನತ್ತ ತಿರುಗಿದಳು. "ಅದು ನಿಮ್ಮ ಕಡೆಯಿಂದ ಬಂದಿದ್ದು. ಅದಕ್ಕೂ ಗರಗಸ ತರಬೇಡಿ!"