ಮೀಟರಪ್ಪನ ಊರಿಗೆ ನಾಲ್ಕು ಬಾಗಿಲು

ರೈಲಿಲ್ಲದ ಊರೂ ಒಂದು ಊರೇ ಎಂದು ಮಾವ ಕೇಳಿದ್ದೇ ಆ ದಿನದ ರಗಳೆಗೆಲ್ಲ ಮೂಲ.

ರಜೆಯ ದಿನ, ಬೆಳಗಿನ ಎಂಟು ಗಂಟೆ. ಮೀಟರಪ್ಪ ಬನಿಯನ್ನಿನಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದ. ವಾರಕ್ಕೆ ಆರು ದಿನ ಮನೆಮನೆಯ ಮೆಟ್ಟಿಲು ಹತ್ತಿ ಕರೆಂಟಿನ ಮೀಟರು ಓದಿ ಬರೆದುಕೊಳ್ಳುವುದು ಅವನ ಕೆಲಸ. ಹೆತ್ತವರಿಟ್ಟ ಹೆಸರು ಕಚೇರಿಯ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದುಕೊಂಡು, ಉಳಿದೆಲ್ಲರ ಬಾಯಲ್ಲಿ ಅವನು ಮೀಟರಪ್ಪನಾಗಿದ್ದ. ಏಳನೆಯ ದಿನ ಮಾತ್ರ ಅವನು ಮೇಯರು. ಇಪ್ಪತ್ತು ವರ್ಷ ಹಳೆಯದಾದ ಊರು ಕಟ್ಟುವ ಆಟವೊಂದರಲ್ಲಿ ಹನ್ನೊಂದು ವರ್ಷದಿಂದ ಅವನು ಒಂದೇ ಊರನ್ನು ಕಟ್ಟುತ್ತ ಬಂದಿದ್ದ. ಬೀದಿಗಳೆಲ್ಲ ಸ್ಕೇಲಿಟ್ಟು ಎಳೆದಷ್ಟು ನೇರ. ಮನೆಗಳೆಲ್ಲ ಒಂದೇ ಎತ್ತರ, ಒಂದೇ ಬಣ್ಣ. ಒಂದು ನಾಯಿಯೂ ಇರಲಿಲ್ಲ. ಆ ವಿಷಯದಲ್ಲಿ ಅವನಿಗೆ ವೃತ್ತಿಯ ಅನುಭವವಿತ್ತು.

ಮಾವ ಮೂವತ್ತೈದು ವರ್ಷ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು. ಮಗಳ ಮನೆಗೆ ನಾಲ್ಕು ದಿನಕ್ಕೆಂದು ಬಂದವರು ಈಗ ನಾಲ್ಕನೆಯ ವಾರದಲ್ಲಿದ್ದರು. ಅಳಿಯನ ಬೆನ್ನ ಹಿಂದೆ ನಿಂತು ಊರನ್ನು ಆ ತುದಿಯಿಂದ ಈ ತುದಿಗೆ ನೋಡಿ, ಇಷ್ಟು ಜನ ಇಲ್ಲಿಗೆ ಬಂದಿದ್ದಾದರೂ ಹೇಗೆ, ನಡೆದುಕೊಂಡೇ ಎಂದು ವಿಚಾರಿಸಿದರು. ಮೀಟರಪ್ಪ ಸುಮ್ಮನಿದ್ದಿದ್ದರೆ ಆಗಿತ್ತು. ಮಾಡ್ ಹಾಕಿದರೆ ರೈಲೂ ಬರುತ್ತದೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟ.

“ಮಾಡ್ ಅಂದ್ರೆ?”

“ಹೊರಗಿನವರು ಆಟಕ್ಕೆ ಮಾಡಿರೋ ತೇಪೆ ಮಾವ. ಹಾಕ್ಕೊಂಡ್ರೆ ಆಟದಲ್ಲಿ ಇಲ್ಲದ್ದೂ ಬರುತ್ತೆ.”

“ಮಾಡ್ ಅಂತ ಅದೇ ಬಾಯಿಬಿಟ್ಟು ಹೇಳ್ತಾ ಇದೆಯಲ್ಲ ಅಳಿಯಂದಿರೇ. ಮಾಡಿ ಮತ್ತೆ.”

ಇಲ್ಲದ್ದೂ ಬರುತ್ತದೆ ಎಂಬ ಮಾತು ಅಡುಗೆಮನೆಗೆ ಕೇಳಿಸಿತು. ಹೆಂಡತಿ ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಕೈ ಒರೆಸಿಕೊಂಡು ಬಂದು, ನಿಮ್ಮ ಊರಿನಲ್ಲಿರುವುದು ಒಂದೇ ಜಾತಿಯ ಮರ, ಅದೂ ಬಾಟಲಿ ತೊಳೆಯುವ ಬ್ರಷ್ಷನ್ನು ನೆಲಕ್ಕೆ ಚುಚ್ಚಿದ ಹಾಗಿದೆ, ನಾಲ್ಕು ಒಳ್ಳೆಯ ಮರ ಹಾಕಿಸಿ ಎಂದಳು. ಅಷ್ಟರಲ್ಲಿ ಪೇಪರು ಕೇಳಲು ಮೇಲಿನ ಮನೆಯಿಂದ ಬೆಂಕಿಯಣ್ಣ ಇಳಿದು ಬಂದರು. ಅವರು ಅಗ್ನಿಶಾಮಕ ದಳದಿಂದ ನಿವೃತ್ತರು. ಆ ಕಟ್ಟಡದಲ್ಲಿ ಯಾರ ಮನೆಯ ಬ್ರೆಡ್ಡು ಸೀದರೂ ಮೊದಲು ಬಾಗಿಲಲ್ಲಿ ನಿಲ್ಲುವವರು. ವಿಷಯ ಕೇಳಿ ಪೇಪರು ಮರೆತರು. ಈ ಊರಿಗೆ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬೆಂಕಿ ಬಿದ್ದಿಲ್ಲವೇ ಎಂದು ಕೇಳಿದರು. ಇಲ್ಲ ಎಂದು ಗೊತ್ತಾದಾಗ ಅವರ ಮುಖ ಎಷ್ಟು ಬಾಡಿತೆಂದರೆ, ಬೆಂಕಿಯ ಮಾಡನ್ನೂ ಹುಡುಕಿ ಕೊಡುತ್ತೇನೆಂದು ಮೀಟರಪ್ಪ ಒಪ್ಪಿಕೊಂಡುಬಿಟ್ಟ.

ಮೂರನ್ನೂ ಒಟ್ಟಿಗೆ ಹಾಕಿದ. ಹಳಿಗಳು ಮರದ ತುದಿ ಹಿಡಿದು ಹೊರಟವು. ಬೆಂಕಿ ಆರಿಸುವ ಲಾರಿ ಹಳಿ ಹತ್ತಿ, ರೈಲಿನ ಕೂಗು ಹಾಕುತ್ತ, ಊರು ಬಿಟ್ಟೇ ಹೋಯಿತು. ಪರದೆ ಒಮ್ಮೆ ಕೆಮ್ಮಿದ ಹಾಗೆ ಅಲುಗಾಡಿ ಕಪ್ಪಾಯಿತು. ಆಮೇಲೆ ಆಟ ತೆರೆದುಕೊಳ್ಳಲೇ ಇಲ್ಲ.

ಇಂಟರ್‌ನೆಟ್ಟಿನಲ್ಲಿ ಇದೇ ಆಟ ಆಡುವ ಯಾರೋ ಪುಣ್ಯಾತ್ಮರು ದಾರಿ ಬರೆದಿಟ್ಟಿದ್ದರು: ಈ ಮಾಡುಗಳು ಒಂದೇ ಮನೆಯಲ್ಲಿ ಬಾಳುವುದಿಲ್ಲ, ಆಟವನ್ನೇ ಬೇರೆಬೇರೆ ಫೋಲ್ಡರುಗಳಿಗೆ ನಕಲು ಮಾಡಿ, ಒಂದೊಂದಕ್ಕೆ ಒಂದೊಂದು ಹಾಕಿ. ಹಾಗೆ ಮಾಡಿದರೆ ತನ್ನ ಪ್ರತಿಯೂ ತನ್ನಷ್ಟಕ್ಕೆ ಇರುತ್ತದಲ್ಲ ಎಂದು ಮೀಟರಪ್ಪನಿಗೆ ಹುರುಪು ಬಂತು. ಹಳೆಯ ಕಂಪ್ಯೂಟರು, ಒಂದು ನಕಲಿಗೆ ಅರ್ಧ ಗಂಟೆ. ಮೂವರೂ ಕುರ್ಚಿ ಎಳೆದುಕೊಂಡು, ಉಕ್ಕಲಿರುವ ಹಾಲಿನ ಕಾವಲಿಗೆ ಕೂತವರಂತೆ ಪರದೆಯನ್ನೇ ನೋಡುತ್ತಿದ್ದರು. ಮಾವ ಆಗಾಗ ಗಡಿಯಾರ ನೋಡಿ, ನಲವತ್ತು ಪರ್ಸೆಂಟು ತಲುಪಬೇಕಾದ ಹೊತ್ತಿಗಿಂತ ಹತ್ತು ನಿಮಿಷ ತಡ ಎಂದು ಘೋಷಿಸುತ್ತಿದ್ದರು. ಗಡಿಬಿಡಿಯಲ್ಲಿ ಹೆಂಡತಿಯ ಮರಗಳು ಮಾವನ ಪ್ರತಿಗೆ ಹೋಗಿ, ಪ್ಲಾಟ್‌ಫಾರಂಗೆ ರೈಲಿನ ಬದಲು ಒಂದು ದೊಡ್ಡ ಮರ ಬಂದು ನಿಂತಿತು. ಅದನ್ನು ಅಳಿಸಿ ಮತ್ತೆ ಮೊದಲಿನಿಂದ.

ಮೂರು ಗಂಟೆಗೆ ಪರದೆಯ ಮೇಲೆ ನಾಲ್ಕು ಐಕಾನುಗಳು ಸಾಲಾಗಿ ನಿಂತವು: ರೈಲು, ಮರ, ಬೆಂಕಿ, ಮತ್ತು ‘ನನ್ನದು, ಮುಟ್ಟಬೇಡಿ’. ನಾಲ್ಕೂ ತೆರೆದುಕೊಂಡವು. ಮೀಟರಪ್ಪ ಊಟ ಮಾಡಿರಲಿಲ್ಲ, ಸ್ನಾನ ಮಾಡಿರಲಿಲ್ಲ, ಆದರೂ ಅಣೆಕಟ್ಟು ಕಟ್ಟಿ ಮುಗಿಸಿದ ಎಂಜಿನಿಯರನಂತೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಆಗಲೇ ಕಚೇರಿಯಿಂದ ಫೋನು ಬಂತು. ಎರಡು ಬೀದಿ ಆಚೆ ಒಂದು ಮನೆಯ ಮೀಟರು ಹಿಂದಕ್ಕೆ ತಿರುಗುತ್ತಿದೆಯಂತೆ, ಹೋಗಿ ನೋಡಬೇಕಂತೆ. ಮೂವರೂ ತಲಾ ಮುಕ್ಕಾಲು ಗಂಟೆ ಆಡುವುದೆಂದು ಸರದಿ ಹಾಕಿಕೊಟ್ಟು ಅವನು ಹೊರಟ.

ಮೀಟರಿಗೆ ಏನೂ ಆಗಿರಲಿಲ್ಲ, ಆ ಮನೆಯವರು ಕನ್ನಡಕ ಬದಲಿಸಿದ್ದರು. ಅವರನ್ನು ಒಪ್ಪಿಸಿ ಅವನು ಮನೆಗೆ ಬರುವಾಗ ಐದೂವರೆ. ಮೂವರೂ ಮೂರು ದಿಕ್ಕಿಗೆ ಮುಖ ಮಾಡಿ ಕೂತಿದ್ದರು.

ಒಬ್ಬೊಬ್ಬರನ್ನೇ ಕೇಳಿ ವಿಷಯ ಹೊರಡಿಸಬೇಕಾಯಿತು. ಮಾವ ಮೊದಲ ಸರದಿಯಲ್ಲಿ ಊರಿನ ನಡುವೆ ಹಳಿ ಹಾಕಿ ಸ್ಟೇಷನ್ನು ಕಟ್ಟಿದ್ದರು. ಹೆಂಡತಿ ಮರದ ಪ್ರತಿ ತೆರೆದಾಗ ಅಲ್ಲಿ ಉದ್ದಕ್ಕೂ ಬೂದಿ ಬಣ್ಣದ ಪಟ್ಟಿಯೊಂದು ಬಿದ್ದಿತ್ತು. ಯಾರೋ ಏನೋ ಚೆಲ್ಲಿದ್ದಾರೆಂದುಕೊಂಡು ಅದರ ಪಕ್ಕದಲ್ಲೆಲ್ಲ ತೋಟ ಬೆಳೆಸಿದ್ದಳು. ಬೆಂಕಿಯಣ್ಣ ಬೆಂಕಿಯ ಪ್ರತಿ ತೆರೆದು ಊರಿನ ಆರು ಕಡೆ ಬೆಂಕಿ ಹತ್ತಿಸಿ, ಆರಿಸಿ, ಮೂರು ಅಗ್ನಿಶಾಮಕ ಠಾಣೆ ಕಟ್ಟಿದ್ದರು. ಆಮೇಲೆ ಮಾವ ಇನ್ನೊಮ್ಮೆ ನೋಡೋಣವೆಂದು ತಮ್ಮ ರೈಲು ತೆರೆದರೆ, ಸ್ಟೇಷನ್ನಿನ ಅರ್ಧ ಛಾವಣಿ ಸುಟ್ಟುಹೋಗಿತ್ತು.

“ನನ್ನದನ್ನ ಇವರು ಮುಟ್ಟಿದ್ದಾರೆ,” ಎಂದರು ಮಾವ.

“ಸೈರನ್ ಮೇಲಾಣೆ, ನನ್ನ ಐಕಾನ್ ಬಿಟ್ಟು ಬೇರೆದರ ಮೇಲೆ ಬೆರಳಿಟ್ಟಿಲ್ಲ,” ಎಂದರು ಬೆಂಕಿಯಣ್ಣ.

ಮೀಟರಪ್ಪ ಕಂಪ್ಯೂಟರಿನ ಮುಂದೆ ಕೂತು ಹುಡುಕಿದ. ಆಟದ ಪ್ರತಿಗಳು ನಾಲ್ಕಾಗಿದ್ದವು, ನಿಜ. ಆದರೆ ಕಟ್ಟಿದ ಊರನ್ನು ಉಳಿಸಿಡಲು ಆ ಹಳೆಯ ಆಟಕ್ಕೆ ಗೊತ್ತಿದ್ದದ್ದು ಕಂಪ್ಯೂಟರಿನ ಒಂದೇ ಒಂದು ಜಾಗ. ನಾಲ್ಕು ಬಾಗಿಲುಗಳೂ ಒಂದೇ ನಡುಮನೆಗೆ ತೆರೆದುಕೊಳ್ಳುತ್ತಿದ್ದವು. ಹೊಸ ಊರು ಕಟ್ಟುವ ಕಷ್ಟ ಬೇಡವೆಂದು ಅವನೇ ತನ್ನ ಊರಿನ ಒಂದೊಂದು ನಕಲನ್ನು ಕೊಟ್ಟುಹೋಗಿದ್ದಾನೆಂದು ಮೂವರೂ ತಿಳಿದಿದ್ದರು. ಮೂವರೂ ಆಡಿದ್ದು ಅವನ ಊರನ್ನೇ. ಹೆಂಡತಿ ಕಂಡ ಬೂದಿ ಬಣ್ಣದ ಪಟ್ಟಿ ಮಾವನ ಹಳಿ.

‘ನನ್ನದು’ ತೆರೆದ. ನೇರ ಬೀದಿಗಳು ಹಾವಿನಂತೆ ಹೊರಳಿದ್ದವು. ಮನೆಗಳು ಸುಟ್ಟ ಕಡೆ ಹೊಸ ಮನೆಗಳು ಎದ್ದು, ಒಂದರಂತೆ ಒಂದಿರಲಿಲ್ಲ. ಜನ ಮಾತ್ರ ಜಾತ್ರೆಯಂತೆ ಬೀದಿ ತುಂಬ ಓಡಾಡುತ್ತಿದ್ದರು. ಅವನು ಬಾಯಿ ತೆರೆಯುವ ಮೊದಲೇ ಪರದೆಯ ನಡುವೆ ಚಿನ್ನದ ಅಂಚಿನ ಕಿಟಕಿಯೊಂದು ಮೂಡಿತು. ಆಟದಲ್ಲಿ ಹೀಗೊಂದು ಕಿಟಕಿ ಇದೆಯೆಂದೇ ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಊರಿನ ಜನ ಎಂದೂ ಇಲ್ಲದಷ್ಟು ಸಂತೋಷವಾಗಿದ್ದಾರಂತೆ. ಅದಕ್ಕಾಗಿ ಚೌಕದಲ್ಲಿ ಮೇಯರರ ಪ್ರತಿಮೆ ನಿಲ್ಲಿಸುತ್ತಾರಂತೆ. ಕೆಳಗೆ ಯಾರ ಹೆಸರು ಕೆತ್ತಬೇಕು?

ಮೂವರೂ ಮುನಿಸು ಮರೆತು ಪರದೆಗೆ ಮುತ್ತಿಕೊಂಡರು. ಮೀಟರಪ್ಪ ಹಿಂದಕ್ಕೆ ತಳ್ಳಿಸಿಕೊಂಡ. ಹನ್ನೊಂದು ವರ್ಷ ತಾನು ಕೂತು ಸವೆಸಿದ ಕುರ್ಚಿಯಲ್ಲಿ ಮಾವ ಕೂತು, ಕಷ್ಟಪಟ್ಟವರ ಹೆಸರೇ ಇರಬೇಕು ಎಂದು ಗಂಭೀರವಾಗಿ ಹೇಳುತ್ತಿದ್ದದ್ದು ಕೇಳಿಸಿತು. ಅದು ಯಾರ ಹೆಸರಾಗಬಹುದೆಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟ. ನೀರಿನ ಸದ್ದನ್ನೂ ಮೀರಿ ಮೂವರ ನಗು ಕೇಳುತ್ತಿತ್ತು.

ಹೊರಗೆ ಬಂದಾಗ ಕೋಣೆ ಖಾಲಿ. ಪ್ರತಿಮೆ ನೋಡಲು ತಮ್ಮ ಹೆಂಡತಿಯನ್ನು ಕರೆತರುತ್ತೇನೆಂದು ಬೆಂಕಿಯಣ್ಣ ಮೇಲೆ ಹೋಗಿದ್ದರು. ಉಳಿದಿಬ್ಬರೂ ಹುರುಪಿನಲ್ಲಿ ಅವರ ಬೆನ್ನಿಗೇ ಹತ್ತಿದ್ದರು. ಮಾಡುಗಳ ಸಹವಾಸಕ್ಕೆ ಇಳಿಯುವ ಮೊದಲು ಊರಿನ ನಕಲೊಂದನ್ನು ಮೀಟರಪ್ಪ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡಿದ್ದ. ಪರದೆಯ ಕಡೆ ಕಣ್ಣೆತ್ತಿ ನೋಡದೆ ಆಟ ಮುಚ್ಚಿದ. ಪೆನ್‌ಡ್ರೈವು ಚುಚ್ಚಿದ. ಇರುವ ಊರನ್ನು ಅಳಿಸಿ ಹಳೆಯದನ್ನು ಹಾಕಲೇ ಎಂದು ಕಂಪ್ಯೂಟರು ಕೇಳಿತು. ಹೌದು ಎಂದ. ಖಂಡಿತವೇ ಎಂದು ಕೇಳಿತು. ಇನ್ನೂ ಜೋರಾಗಿ ಹೌದು ಒತ್ತಿದ.

ಬೆಳಗಿನ ಊರು ಮರಳಿ ಬಂತು. ನೇರ ಬೀದಿ, ಒಂದೇ ಬಣ್ಣದ ಮನೆ, ಬ್ರಷ್ಷಿನಂಥ ಮರ. ಅವನು ಕಾಲು ಚಾಚಿ ನೋಡುತ್ತ ಕೂತ. ಐದು ನಿಮಿಷವಾದರೂ ಯಾವ ಬೀದಿಗೂ ಒಬ್ಬರೂ ಇಳಿಯಲಿಲ್ಲ. ಇಲ್ಲಿ ಮೊದಲಿಂದಲೂ ಹೀಗೇ ಇತ್ತೇ ಎಂದು ಅವನಿಗೆ ಅನುಮಾನ ಹುಟ್ಟುತ್ತಿರುವಾಗ ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದಾಯಿತು.

ಮುಂದೆ ಬೆಂಕಿಯಣ್ಣನ ಹೆಂಡತಿ, ಹೊಸ ಸೀರೆಯಲ್ಲಿ. ಹಿಂದೆ ಬೆಂಕಿಯಣ್ಣ. ಅವರ ಹಿಂದೆ ನಗು ತಡೆಯಲಾರದ ಮಾವ ಮತ್ತು ಅವರ ಮಗಳು.

“ಎಂಥ ಪುಣ್ಯವಂತರಪ್ಪ ನೀವು,” ಎಂದರು ಆಕೆ. “ನಿಮ್ಮ ಮಾವ ಪಟ್ಟು ಹಿಡಿದು ನಿಮ್ಮ ಹೆಸರೇ ಹಾಕಿಸಿದ್ರಂತೆ. ಅಪ್ಪ ಅಮ್ಮ ಇಟ್ಟ ಹೆಸರು, ಇನಿಷಿಯಲ್ಲು ಸಮೇತ. ಎಲ್ಲಿದೆ ತೋರಿಸಿ.”

ಮೀಟರಪ್ಪ ಪರದೆಗೆ ಅಡ್ಡವಾಗಿ ಎದ್ದು ನಿಂತ.

“ಪ್ರತಿಮೆ ಈಗಿಲ್ಲ,” ಎಂದ. “ತೊಳೆಯೋಕೆ ತಗೊಂಡು ಹೋಗಿದ್ದಾರೆ.”

ಹಾಗಾದರೆ ಚಿಂತೆಯಿಲ್ಲ ಎಂದು ಆಕೆ ಹತ್ತಿರದ ಕುರ್ಚಿ ಎಳೆದುಕೊಂಡು ಕೂತರು. ಉಳಿದವರಿಗೂ ಕೂರಲು ಹೇಳಿದರು. ತಂದು ನಿಲ್ಲಿಸುವವರೆಗೂ ತಾವು ಕಾಯುವುದಾಗಿಯೂ, ತಮಗೇನೂ ಅವಸರವಿಲ್ಲವೆಂದೂ ತಿಳಿಸಿದರು.