ಮಾವನ ಕಾರು ಫೇಲಾಗಬೇಕಿತ್ತು

ಬನಶಂಕರಿ ಎರಡನೇ ಹಂತದ ರಾಮಪ್ರಸಾದ ಆ ಶುಕ್ರವಾರ ಬೆಳಿಗ್ಗೆ ಆರೂವರೆಗೆ, ಹೆಂಡತಿ ಸ್ನಾನಕ್ಕೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ತನ್ನದೇ ಕಾರಿನ ಬಾನೆಟ್ಟನ್ನು ಕಳ್ಳನ ಹಾಗೆ ಎತ್ತಿದ. ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ನಾಲ್ಕು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿ ಸದ್ದಿಲ್ಲದೆ ಮುಚ್ಚಿದ. ಆಮೇಲೆ ಒಳಗೆ ಹೋಗಿ ದೇವರ ಪಟದ ಮುಂದೆ ಕೈಮುಗಿದು ನಿಂತ. ಕೇಳಿಕೊಂಡದ್ದು ಒಂದೇ ಮಾತು: “ತಾಯಿ ಬನಶಂಕರಿ, ಇವತ್ತು ಈ ಗಾಡಿ ಫೇಲಾಗ್ಲಿ.”

ಕಾರು ಮಾವನದು. ಯಡಿಯೂರಿನ ಗಂಗಯ್ಯನವರು ತಾವು ಹತ್ತು ವರ್ಷ ಓಡಿಸಿ ಸುಸ್ತಾಗಿಸಿದ್ದ ಗಾಡಿಯನ್ನು, ಎಂಬತ್ತಮೂರರಲ್ಲಿ ಮಗಳ ಜೊತೆಗೆ ಹಿರಿಯ ಅಳಿಯನಿಗೆ ಧಾರೆ ಎರೆದಿದ್ದರು. ಎಪ್ಪತ್ತಮೂರರ ಮಾಡೆಲ್, ಪೆಟ್ರೋಲ್ ಎಂಜಿನ್ನು, ಸಾವಿರದ ಚಿಲ್ಲರೆ ಸಿ.ಸಿ., ನಾಲ್ಕು ಸಿಲಿಂಡರು, ನಲವತ್ತು ಕುದುರೆಗಳ ಶಕ್ತಿ. ಆ ನಲವತ್ತರಲ್ಲಿ ಮೂವತ್ತು ಕುದುರೆಗಳು ಎಂದೋ ಶಿವನ ಪಾದ ಸೇರಿದ್ದವು, ಉಳಿದ ಹತ್ತಕ್ಕೆ ಉಬ್ಬಸ. ಚಳಿಗಾಲದಲ್ಲಿ ಚೋಕ್ ಎಳೆದರೆ ಪೆಟ್ರೋಲನ್ನು ಗಟಗಟ ಕುಡಿದು ಮಲಗಿಬಿಡುವುದು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿಗೆ ತೇವ ಹತ್ತಿ ಕೆಮ್ಮುವುದು. ಬೇಸಿಗೆಯಲ್ಲಿ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ನಡುರಸ್ತೆಯಲ್ಲಿ ನಿಲ್ಲುವುದು. ಏರು ಕಂಡರೆ ಸಾಕು, ರೇಡಿಯೇಟರಿನಲ್ಲಿ ಅನ್ನಕ್ಕೆ ಎಸರಿಟ್ಟ ಸದ್ದು. ಈ ಇಪ್ಪತ್ತು ವರ್ಷದಲ್ಲಿ ರಾಮಪ್ರಸಾದ ಬೇರೆ ಯಾವ ವಿದ್ಯೆಯನ್ನೂ ಕಲಿಯಲಿಲ್ಲ. ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಆಫೀಸಿಗೆ ಹೋಗುವ ಗುಮಾಸ್ತ ಅವನ ಬ್ಯಾಂಕಿನ ಶಾಖೆಯಲ್ಲಿ ಅವನೊಬ್ಬನೇ.

ಮಾರೋಣ ಎಂದರೆ ಹೆಂಡತಿ ವಾರಿಜಾ ಮುಖ ಊದಿಸುತ್ತಿದ್ದಳು. “ಅಪ್ಪ ಕೊಟ್ಟಿದ್ದು ಕಣ್ರೀ. ಮಾರಿದ್ರೆ ಅವರ ಮನಸ್ಸಿಗೆ ಹೇಗಾಗತ್ತೆ?” ಕೊನೆಗೆ ಈ ವರ್ಷ ಗಂಡಹೆಂಡಿರಿಗೆ ಒಂದು ಒಪ್ಪಂದವಾಯಿತು. ಹಳೇ ಕಾರುಗಳು ಐದು ವರ್ಷಕ್ಕೊಮ್ಮೆ ಆರ್.ಟಿ.ಓ. ಪರೀಕ್ಷೆಯಲ್ಲಿ ಪಾಸಾಗಬೇಕು. “ಈ ಸಲ ಫೇಲಾದ್ರೆ ಗುಜರಿಗೆ ಹಾಕಿ, ನಾನು ಸೊಲ್ಲೆತ್ತಲ್ಲ. ಪಾಸಾದ್ರೆ ಇನ್ನೈದು ವರ್ಷ ನೀವು ಬಾಯಿ ಬಿಡಬಾರ್ದು” ಎಂದಳು ವಾರಿಜಾ. ಆ ಪರೀಕ್ಷೆಯೇ ಇವತ್ತು. ಶುಕ್ರವಾರ ಹನ್ನೊಂದು ಗಂಟೆ. ಸರಿಯಾಗಿ ರಾಹುಕಾಲ. ಪಂಚಾಂಗ ನೋಡಿ ರಾಮಪ್ರಸಾದನೇ ಆರಿಸಿದ್ದ ಮುಹೂರ್ತ.

ಒಂಬತ್ತಕ್ಕೆ ಗಂಗಯ್ಯನವರು ಬಿಳಿ ಪಂಚೆ, ಜರಿ ಶಲ್ಯದಲ್ಲಿ ಆಟೋ ಇಳಿದರು. “ನಾನೂ ಬರ್ತೀನಿ ಅಳಿಯಂದ್ರೇ. ಕೊನೇ ಸಲ ಒಂದು ರೌಂಡು ಕೂತ್ಕೋತೀನಿ.”

“ಕೊನೇ ಸಲ ಯಾಕೆ ಮಾವ? ಎಲ್ಲಾ ಒಳ್ಳೇದಾಗತ್ತೆ” ಎಂದು ರಾಮಪ್ರಸಾದ ದೊಡ್ಡ ಮನಸ್ಸು ತೋರಿಸಿ ಕೀ ತಿರುಗಿಸಿದ.

ಢಬ್! ಢಬ್! ಸೈಲೆನ್ಸರಿನಿಂದ ಹೊರಟ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ರಾಮಪ್ರಸಾದನ ಮುಖದಲ್ಲಿ ಶೋಕ, ಹೊಟ್ಟೆಯಲ್ಲಿ ಹಾಲುಜೇನು. “ಛೇ ಛೇ, ಏನಾಯ್ತೋ ಏನೋ ಮಾವ. ಎಂಜಿನ್ ಹೋಯ್ತು ಅನ್ಸತ್ತೆ” ಎನ್ನುವಷ್ಟರಲ್ಲಿ ಪಕ್ಕದ ಮನೆಯ ಮುನಿಯಣ್ಣ ಲುಂಗಿ ಎತ್ತಿಕಟ್ಟುತ್ತಾ ಬಂದೇಬಿಟ್ಟ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದು ರಿಟೈರಾದವನು. ಕೆಲಸ ಬಿಟ್ಟರೂ ಕೈ ತುರಿಕೆ ಬಿಟ್ಟಿರಲಿಲ್ಲ.

“ಕೀ ಬಿಡಿ ಸಾರ್! ಸೌಂಡಲ್ಲೇ ಗೊತ್ತಾಗತ್ತೆ. ಫೈರಿಂಗ್ ಆರ್ಡರ್ ತಪ್ಪಿದೆ.” ಬಾನೆಟ್ ಎತ್ತಿದವನೇ ಕೂಗಿದ: “ಯಾವನ್ರೀ ಇದಕ್ಕೆ ಕೈ ಹಾಕಿದ್ದು? ಒಂದು, ಮೂರು, ನಾಲ್ಕು, ಎರಡು ಅಂತ ಇರ್ಬೇಕು. ಯಾವನೋ ಬೇಕಂತ್ಲೇ ಉಲ್ಟಾ ಮಾಡಿದಾನೆ. ನನ್ ಕೈಗೆ ಸಿಕ್ಲಿ ಅವ್ನು, ಸೊಂಟ ಮುರೀತೀನಿ!”

“ಯಾರೋ... ಪೋಲಿ ಹುಡುಗ್ರು ಇರ್ಬೇಕು” ಎಂದ ರಾಮಪ್ರಸಾದ.

ಮುನಿಯಣ್ಣ ವೈರು ಸರಿಮಾಡಿದ. ಅಷ್ಟಕ್ಕೇ ಬಿಟ್ಟರೆ ಅವನೆಂಥ ನೆರೆಯವನು? ಪ್ಲಗ್ಗುಗಳ ಮಸಿ ಕೆರೆದ, ಕಾರ್ಬ್ಯುರೇಟರಿನ ಜೆಟ್ಟನ್ನು ಬಿಚ್ಚಿ ಬಾಯಿಂದ ಊದಿದ, ಫ್ಯಾನ್ ಬೆಲ್ಟ್ ಬಿಗಿ ಮಾಡಿದ. ಎಂಜಿನ್ನು ಹೊಲಿಗೆ ಮೆಷಿನ್ನಿನಂತೆ ತಿರುಗತೊಡಗಿತು. ಅಷ್ಟು ಹೊತ್ತಿಗೆ ಎದುರು ಮನೆಯ ಈಶ್ವರಮ್ಮ ಕುಂಕುಮದ ಬಟ್ಟಲು ಹಿಡಿದು ಬಂದರು.

“ಹನ್ನೊಂದು ಗಂಟೆಗೆ ರಾಹುಕಾಲ ಅಲ್ವೇನಪ್ಪಾ ರಾಮಪ್ರಸಾದ? ಯಾವ ಮೂದೇವಿ ಕೊಟ್ಟಿದ್ದು ಈ ಟೈಮು?”

“ಅದು... ಆಫೀಸಿನೋರು.”

“ನೀನೇನೂ ಹೆದರ್ಕೋಬೇಡ. ಅಷ್ಟು ಹೊತ್ತಿಗೆ ನಾನು ಬನಶಂಕರಿ ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ತೀನಿ. ನಿನ್ ಕಾರಿನ ಹೆಸರಲ್ಲಿ!” ಎಂದು ಬಾನೆಟ್ಟಿಗೆ ಕುಂಕುಮ ಬಳಿದು, ಚಕ್ರದ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟರು.

ಅಲ್ಲಿಗೆ ದೇವರ ಹತ್ತಿರವೂ ಎರಡು ಅರ್ಜಿ ಹೋದಂತಾಯಿತು.

ದಾರಿಯಲ್ಲಿ ಕಾರು ಬೆಣ್ಣೆಯಿಂದ ಕೂದಲು ಎಳೆದಂತೆ ಹೋಯಿತು. ಬೇಕು ಎಂದಾಗ ಒಂದು ದಿನವೂ ನೆಟ್ಟಗೆ ಓಡದ ಮುಂಡೇದು, ಬೇಡ ಎಂದಾಗ ಗಂಧರ್ವ ರಥ! ರಾಮಪ್ರಸಾದನಿಗೆ ಅಳುವೇ ಬಂತು. ಬೇಕೆಂದೇ ಹಳ್ಳಕ್ಕಿಳಿಸಿದ, ಎರಡನೇ ಗೇರಿನಲ್ಲೇ ಏರು ಹತ್ತಿಸಿದ. ಏನೂ ಆಗಲಿಲ್ಲ. ಪಕ್ಕದಲ್ಲಿ ಮಾವ ಪದೇ ಪದೇ ಹಿಂದಕ್ಕೆ ತಿರುಗಿ ನೋಡುತ್ತಿದ್ದರು.

“ಹೊಗೆ ಬರ್ತಿದ್ಯಾ ಅಂತ ನೋಡ್ತಿದೀರಾ ಮಾವ?”

“ಹ್ಞಾ... ಹೌದೌದು. ಅಲ್ಲ ಅಳಿಯಂದ್ರೇ, ಇದು ಪಾಸಾಗತ್ತೆ ಅಂತೀರಾ?”

“ಯೋಚ್ನೆ ಮಾಡ್ಬೇಡಿ ಮಾವ” ಎಂದು ರಾಮಪ್ರಸಾದ ಬಾಯಿಮಾತಿಗೆ ಸಮಾಧಾನ ಹೇಳಿದ. ಯಾಕೋ ಮಾವನ ಮುಖ ಇನ್ನಷ್ಟು ಬಾಡಿತು.

ಆದರೆ ದೇವರು ದೊಡ್ಡವನು. ಆರ್.ಟಿ.ಓ. ಮೈದಾನದ ಸಾಲಿನಲ್ಲಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು ಎಂಜಿನ್ನು ಕೆಂಡವಾಯಿತು. ಇನ್ಸ್‌ಪೆಕ್ಟರು ಬಂದು “ಸ್ಟಾರ್ಟ್ ಮಾಡಿ” ಎಂದಾಗ ಗಾಡಿ ‘ಊಂ’ ಎನ್ನಲಿಲ್ಲ, ‘ಆಂ’ ಎನ್ನಲಿಲ್ಲ. ಪೆಟ್ರೋಲು ಪೈಪಿನಲ್ಲೇ ಆವಿಯಾಗಿತ್ತು. ರಾಮಪ್ರಸಾದನ ಎದೆಯಲ್ಲಿ ಓಲಗ ಊದಿದಂತಾಯಿತು. ಇನ್ನೊಂದು ನಿಮಿಷ. ಒಂದು ಸಹಿ. ಆಮೇಲೆ ಗುಜರಿ.

ಇನ್ಸ್‌ಪೆಕ್ಟರು ಎಳೇ ಪ್ರಾಯದವನು. ಟೈರಿಗೆ ಬೂಟಿನಿಂದ ಒದ್ದು ನಕ್ಕ. “ಅಂಕಲ್, ಎಂಜಿನ್ ಡೆಡ್. ಫೇಲ್ ಅಂತ ಬರೀತೀನಿ. ಇದನ್ನ ಇಪ್ಪತ್ತು ವರ್ಷದಿಂದ ನೀವೇ ಇಟ್ಕೊಂಡಿರೋದಾ?”

“ಹೌದು ಸಾರ್.”

“ಅದಕ್ಕೇ ಹೀಗಾಗಿರೋದು. ನಿಮಗೆ ಗಾಡಿ ಮೈಂಟೇನ್ ಮಾಡಕ್ಕೇ ಬರಲ್ಲ. ಗಾಡಿ ತಪ್ಪಲ್ಲ ಬಿಡಿ.” ಸುತ್ತ ನಿಂತಿದ್ದ ಏಜೆಂಟುಗಳು ಹೋ ಎಂದು ನಕ್ಕರು.

ರಾಮಪ್ರಸಾದನಿಗೆ ಏನಾಯಿತೋ, ನೆತ್ತಿಗೆ ಚುರ್ರೆಂದಿತು. ನಮ್ಮ ಮನೆಯ ಮುದುಕಿಯನ್ನು ನಾವು ಹಗಲೂ ರಾತ್ರಿ ಬೈಯಬಹುದು, ಬೀದಿಯವನು ಬಂದು ಬೈದರೆ ಕೇಳಿಕೊಂಡು ಇರಲಾಗುತ್ತದೆಯೇ? ಇಪ್ಪತ್ತು ವರ್ಷ! ಭಾನುವಾರಗಳೆಲ್ಲ ಇದರ ಹೊಟ್ಟೆಯಡಿಯಲ್ಲೇ ಕಳೆದಿವೆ, ಈಗ ಈ ಮೀಸೆ ಚಿಗುರದ ಹುಡುಗ ಹೇಳುತ್ತಾನೆ, ಮೈಂಟೇನ್ ಮಾಡಕ್ಕೆ ಬರಲ್ಲವಂತೆ!

“ಏನಂದ್ರಿ? ಡೆಡ್ಡಾ? ಪೆನ್ನು ಕೆಳಗಿಡ್ರೀ! ಐದು ನಿಮಿಷ ನಿಂತ್ಕೊಂಡು ನೋಡಿ!”

ಬಾನೆಟ್ ಎತ್ತಿದ. ಮಾವನ ಹೆಗಲಿನಿಂದ ಜರಿ ಶಲ್ಯವನ್ನು ಕಿತ್ತು, ಬಾಟಲಿಯ ನೀರಿನಲ್ಲಿ ತೊಯ್ಯಿಸಿ, ಪೆಟ್ರೋಲು ಎಳೆಯುವ ಪಂಪಿಗೆ ಹಣೆಗೆ ಒದ್ದೆ ಬಟ್ಟೆ ಹಾಕಿದಂತೆ ಸುತ್ತಿದ.

“ಅಳಿಯಂದ್ರೇ, ಬೇಡ! ಬಿಟ್ಬಿಡಿ! ಹೋಗ್ಲಿ ಬಿಡಿ ಅದು!” ಗಂಗಯ್ಯನವರು ಶಲ್ಯದ ಇನ್ನೊಂದು ತುದಿ ಹಿಡಿದು ಜಗ್ಗಿದರು.

“ನೀವು ಸುಮ್ನಿರಿ ಮಾವ! ಇದು ನಮ್ ಮನೆತನದ ಮರ್ಯಾದೆ ಪ್ರಶ್ನೆ!”

ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ಪಾಯಿಂಟನ್ನು ಬೆಂಕಿಪೊಟ್ಟಣದ ಗೀರುವ ಬದಿಯಿಂದ ಉಜ್ಜಿದ. ಕಾರ್ಬ್ಯುರೇಟರಿಗೆ ಸ್ಪ್ಯಾನರಿನಿಂದ ಎರಡು ಮೃದುವಾದ ಏಟು. ಹೋಗಿ ಕೂತು, ಆಕ್ಸಿಲರೇಟರನ್ನು ಅರ್ಧ ಒತ್ತಿ ಕೀ ತಿರುಗಿಸಿದ. ಗುರ್ರ್ರ್! ಎಂಜಿನ್ನು ಎದ್ದಿತು. ಏಜೆಂಟುಗಳು ಶಿಳ್ಳೆ ಹೊಡೆದರು. ಮೈದಾನದಲ್ಲಿ ಎಂಟರ ಆಕಾರದಲ್ಲಿ ಸುತ್ತಿ, ಬಿಳಿ ಗೆರೆಯ ಮೇಲೆ ಕೂದಲೆಳೆಯಷ್ಟೂ ತಪ್ಪದಂತೆ ತಂದು ನಿಲ್ಲಿಸಿದ. ಇನ್ಸ್‌ಪೆಕ್ಟರು ಟೋಪಿ ತೆಗೆದು, “ಸಾರಿ ಅಂಕಲ್. ಸಖತ್ ಗಾಡಿ” ಎಂದು ಸಹಿ ಹಾಕಿಕೊಟ್ಟ. ಎರಡು ಸಾವಿರದ ಎಂಟನೇ ಇಸವಿಯವರೆಗೆ.

ಕಾಗದ ಕೈಗೆ ಬಂದ ಮೇಲೆ ರಾಮಪ್ರಸಾದನಿಗೆ ತಾನು ಮಾಡಿದ್ದೇನು ಎಂದು ಹೊಳೆಯಿತು. ಬಂಪರಿನ ಮೇಲೆಯೇ ಕೂತುಬಿಟ್ಟ.

ಗಂಗಯ್ಯನವರು ಗ್ರೀಸು ಮೆತ್ತಿದ ಶಲ್ಯ ಹಿಂಡುತ್ತಾ ಬಂದು ಪಕ್ಕದಲ್ಲಿ ಕೂತರು. ಕಣ್ಣು ಒದ್ದೆಯಾಗಿತ್ತು. “ಅಳಿಯಂದ್ರೇ, ನಿಮ್ಮತ್ರ ಒಂದು ವಿಷಯ ಮುಚ್ಚಿಟ್ಟಿದ್ದೆ. ಅಲ್ನೋಡಿ.”

ಗೇಟಿನಾಚೆ ಮರದ ನೆರಳಿನಲ್ಲಿ, ಹಾಲುಬಿಳಿ ಬಣ್ಣದ ಪುಟ್ಟ ಹೊಸ ಕಾರು ನಿಂತಿತ್ತು. ಸ್ಟೀರಿಂಗಿನಲ್ಲಿ ರಾಮಪ್ರಸಾದನ ಷಡ್ಡಕ, ಅಂದರೆ ಮಾವನ ಕಿರಿಯ ಅಳಿಯ ಪ್ರಸನ್ನ.

“ನಿಮಗೇ ಅಂತ ತಗೊಂಡೆ. ಇದು ಫೇಲಾದ ತಕ್ಷಣ ಇಲ್ಲೇ ಕೀ ಕೊಡೋಣ ಅಂತ ಪ್ರಸನ್ನನ ಕೈಲಿ ಹಿಂದೇನೇ ತರಿಸಿದ್ದೆ. ದಾರೀಲಿ ಬರ್ತಿದಾನಾ ಅಂತ ತಿರುಗಿ ತಿರುಗಿ ನೋಡ್ತಿದ್ದೆ. ಹಳೇ ಡಬ್ಬ ಕೊಟ್ಟು ನಿಮ್ಮ ಜೀವ ತಿಂದೆ ಅಂತ ಇಷ್ಟು ವರ್ಷ ಕೊರಗ್ತಿದ್ದೆ ಕಣ್ರೀ. ಆದ್ರೆ ಇವತ್ತು ನೋಡ್ದೆನಲ್ಲ, ಆ ಇನ್ಸ್‌ಪೆಕ್ಟರ್ ಜೊತೆ ನೀವು ಜಗಳಕ್ಕೆ ನಿಂತಿದ್ದು! ಇಷ್ಟು ಪ್ರೀತಿ ಇಟ್ಟಿರೋ ಗಾಡೀನ ಬಿಡಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಇದು ನಿಮಗೇ ಇರ್ಲಿ. ಆ ಹೊಸದನ್ನ ಪ್ರಸನ್ನನಿಗೇ ಕೊಟ್ಬಿಡ್ತೀನಿ.”

“ಮಾವ, ಅದು ಹಾಗಲ್ಲ... ನಾನು...” ಎಂದು ಶುರುಮಾಡಿದ ರಾಮಪ್ರಸಾದ. ಏನೆಂದು ಹೇಳುವುದು? ಬೆಳಿಗ್ಗೆ ವೈರು ಅದಲುಬದಲು ಮಾಡಿದವನು ನಾನೇ ಎಂದೇ?

“ಮಾತಾಡ್ಬೇಡಿ. ನಿಮ್ಮಂಥ ಅಳಿಯ ಸಿಗೋಕೆ ಪುಣ್ಯ ಮಾಡಿದ್ದೆ” ಎಂದು ಮಾವ ಅವನ ಬೆನ್ನು ಸವರಿದರು.

ಹೊರಡೋಣವೆಂದು ಕೀ ತಿರುಗಿಸಿದರೆ ಕಾರು ಗೇಟಿನ ತನಕ ಬಂದು, ಒಮ್ಮೆ ಸೀನಿ, ಸತ್ತುಹೋಯಿತು. ಈ ಸಲ ಯಾವ ಶಲ್ಯಕ್ಕೂ ಜಗ್ಗಲಿಲ್ಲ. ಡಿಕ್ಕಿಯಲ್ಲಿ ಯಾವಾಗಲೂ ಇರುತ್ತಿದ್ದ ಹಗ್ಗ ತೆಗೆದು ಹೊಸ ಕಾರಿಗೆ ಕಟ್ಟಿದರು. ಮಾವ ಹೊಸದರಲ್ಲಿ ಕೂತರು. ರಾಮಪ್ರಸಾದ ಹಳೆಯದರಲ್ಲಿ ಸ್ಟೀರಿಂಗ್ ಹಿಡಿದು, ಎಳೆದ ಕಡೆ ಹೊರಟ.

ಆಗ ಕಣ್ಣಿಗೆ ಬಿತ್ತು, ಹೊಸ ಕಾರಿನ ಹಿಂದಿನ ಗಾಜಿನ ಮೇಲೆ ಕೆಂಪು ಅಕ್ಷರದ ಸ್ಟಿಕ್ಕರು: ‘ರಾಮು – ವಾರಿಜಾ’. ಪ್ರತಿ ಸಿಗ್ನಲ್ಲಿನಲ್ಲೂ ಪ್ರಸನ್ನ ಇಳಿದು ಬಂದು, ರಾಮಪ್ರಸಾದನಿಗೆ ಒಂದು ನಗೆ ಬೀರಿ, ಉಗುರಿನಿಂದ ಒಂದೊಂದೇ ಅಕ್ಷರ ಕೆರೆಯುತ್ತಿದ್ದ. ಬನಶಂಕರಿ ಬಸ್ ಸ್ಟ್ಯಾಂಡ್ ದಾಟುವ ಹೊತ್ತಿಗೆ ಗಾಜು ಸ್ವಚ್ಛವಾಗಿತ್ತು.

ಮನೆ ಮುಂದೆ ಈಶ್ವರಮ್ಮ ಆರತಿ ತಟ್ಟೆ ಹಿಡಿದು ಕಾದಿದ್ದರು. “ಪಾಸಾಯ್ತಂತಲ್ಲ! ನನ್ ದೀಪ ಯಾವತ್ತೂ ಸುಳ್ಳಾಗಿಲ್ಲ!” ವಾರಿಜಾ ಅಪ್ಪನ ಕೈ ಹಿಡಿದು ಕಣ್ಣೊರೆಸಿಕೊಂಡಳು.

ಮುನಿಯಣ್ಣ ಹಗ್ಗ ಬಿಚ್ಚುತ್ತಾ ಕಿಟಕಿಗೆ ಬಗ್ಗಿದ. “ಸಾರ್, ಬೆಳಿಗ್ಗೆ ಆ ವೈರು ಉಲ್ಟಾ ಮಾಡಿದ ಬಡ್ಡೀಮಗ ಯಾರು ಅಂತ ಗೊತ್ತಾಯ್ತಾ?”

“ಸಿಕ್ಕಿಬಿದ್ದ ಮುನಿಯಣ್ಣ” ಎಂದ ರಾಮಪ್ರಸಾದ, ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾ. “ಐದು ವರ್ಷ ಶಿಕ್ಷೆ ಆಗಿದೆ ಅವನಿಗೆ.”